‘ನೆ’ ಎಂದರೆ ಹೌದೋ, ಅಲ್ಲವೋ

ಬಲ್ಗೇರಿಯಾದ ರಾಜಧಾನಿ ಸೋಫಿಯಾದ ಬಸ್ ನಿಲ್ದಾಣದ ಪಕ್ಕದ ಬೇಕರಿಯೊಂದರಲ್ಲಿ ನನ್ನ ಬಾಯಿ ಒಂದು ಹೇಳಿತು, ತಲೆ ಇನ್ನೊಂದು ಹೇಳಿತು. ಅದಕ್ಕೂ ಮೊದಲು ಹತ್ತು ದಿನ ಗ್ರೀಸಿನ ಥೆಸಲೋನಿಕಿಯಲ್ಲಿದ್ದೆ. ಗ್ರೀಕಿನಲ್ಲಿ ಹೌದು ಎನ್ನುವುದಕ್ಕೆ ‘ನೆ’ ಎನ್ನುತ್ತಾರೆ. ಹತ್ತು ದಿನದಲ್ಲಿ ಕಲಿತ ಏಳೆಂಟು ಪದಗಳಲ್ಲಿ ನಾಲಿಗೆಗೆ ಅಂಟಿಕೊಂಡದ್ದು ಅದೊಂದೇ. ಬೇಕರಿಯ ಹೆಂಗಸು ನನ್ನ ಬಾನಿತ್ಸಾವನ್ನು, ಅಂದರೆ ಚೀಸ್ ತುಂಬಿದ ಪದರ ಪದರದ ರೊಟ್ಟಿಯನ್ನು, ಕೈಯಲ್ಲಿ ಹಿಡಿದು ಬಿಸಿ ಮಾಡಿಕೊಡಲೇ ಎಂಬಂತೆ ಒಲೆಯ ಕಡೆ ತೋರಿಸಿದರು. ‘ನೆ, ನೆ’ ಎಂದೆ. ಜೊತೆಗೆ ನಮ್ಮ ಕಡೆಯ ಅಭ್ಯಾಸದಂತೆ ತಲೆಯನ್ನು ಎಡಕ್ಕೂ ಬಲಕ್ಕೂ ತೂಗಿದೆ. ಬಲ್ಗೇರಿಯನ್ ಭಾಷೆಯಲ್ಲಿ ‘ನೆ’ ಎಂದರೆ ಬೇಡ, ಅಲ್ಲ. ಆದರೆ ಬಲ್ಗೇರಿಯನ್ನರು ಹೌದು ಎನ್ನಲು ತಲೆ ಆಡಿಸುವುದು ಎಡಬಲಕ್ಕೇ. ಹಾಗಾಗಿ ಆಕೆಗೆ ಕೇಳಿಸಿದ್ದು ಬೇಡ, ಕಂಡದ್ದು ಬೇಕು. ಒಂದು ಕ್ಷಣ ನನ್ನನ್ನೇ ನೋಡಿ ಗೊಳ್ಳೆಂದು ನಕ್ಕರು. ‘ಗ್ರೀಸ್?’ ಎಂದು ಕೇಳಿದರು. ಗಡಿಯಾಚೆಯಿಂದ ಬಂದವರ ಈ ಪೇಚಾಟ ಅವರಿಗೆ ಹೊಸದಲ್ಲ ಎನ್ನುವುದು ಆ ಒಂದೇ ಪದದಲ್ಲಿ ಗೊತ್ತಾಯಿತು. ಬಾನಿತ್ಸಾ ಬಿಸಿಯಾಗಿಯೇ ಸಿಕ್ಕಿತು. ತಲೆಯ ಮಾತೇ ಗೆದ್ದಿತ್ತು.

ಒಂದೇ ಸದ್ದು, ಒಂದು ಕಡೆ ಹೌದು, ಇನ್ನೊಂದು ಕಡೆ ಅಲ್ಲ. ಗ್ರೀಕರಿಗೂ ಬಲ್ಗೇರಿಯನ್ನರಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ನಾನು ಈಗ ಮೊದಲು ಹೇಳುವುದು ಈ ಬೇಕರಿಯ ಕತೆಯನ್ನೇ.

ಥೆಸಲೋನಿಕಿಯಿಂದ ಸೋಫಿಯಾಕ್ಕೆ ಸುಮಾರು ಮುನ್ನೂರು ಕಿಲೋಮೀಟರ್. ದಾರಿಯ ಬಹುಪಾಲು ಒಂದು ನದಿ ಜೊತೆಗಿರುತ್ತದೆ. ಗ್ರೀಸಿನಲ್ಲಿ ಅದರ ಹೆಸರು ಸ್ತ್ರಿಮೋನಾಸ್, ಗಡಿ ದಾಟಿದರೆ ಸ್ತ್ರೂಮಾ. ಸೋಫಿಯಾದ ನೆತ್ತಿಯ ಮೇಲಿರುವ ವಿತೋಶಾ ಪರ್ವತದಲ್ಲಿ ಹುಟ್ಟಿ ಈಜಿಯನ್ ಸಮುದ್ರ ಸೇರುವವರೆಗೆ ನೀರು ಒಂದೇ. ಈ ಸೀಮೆಯ ನದಿಗಳಿಗೆಲ್ಲ ಹೀಗೆಯೇ ಎರಡೆರಡು ಹೆಸರು. ಮೆಸ್ತಾ ಕೆಳಗಿಳಿದು ನೆಸ್ತೋಸ್ ಆಗುತ್ತದೆ, ಮಾರಿತ್ಸಾ ಎವ್ರೋಸ್ ಆಗುತ್ತದೆ. ಊರುಗಳದೂ ಅದೇ ಪಾಡು. ಬಲ್ಗೇರಿಯನ್ನರು ಥೆಸಲೋನಿಕಿಯನ್ನು ಇಂದಿಗೂ ಸೊಲುನ್ ಎನ್ನುತ್ತಾರೆ, ಗ್ರೀಕರಿಗೆ ಪ್ಲೊವ್ದಿವ್ ಇಂದಿಗೂ ಫಿಲಿಪುಪೊಲಿ. ಕ್ರಿ.ಪೂ. 342ರಲ್ಲಿ ಅಲೆಕ್ಸಾಂಡರನ ಅಪ್ಪ ಫಿಲಿಪ್ ಗೆದ್ದು ತನ್ನ ಹೆಸರಿಟ್ಟ ಊರು ಅದು. ಇನ್ನು ಕಪ್ಪು ಸಮುದ್ರದ ದಡದಲ್ಲಿ ಇಂದು ಬಲ್ಗೇರಿಯಾದ ಪ್ರವಾಸಿ ಪಟ್ಟಣಗಳಾಗಿರುವ ಸೊಜೊಪೊಲ್, ನೆಸೆಬರ್ ಎರಡೂ ಗ್ರೀಕರ ಹಳೆಯ ವಸಾಹತುಗಳು. ತಿರುಗಿಸಿ ನೋಡಿದರೆ, ಗ್ರೀಸಿನ ವೋಲೋಸ್ ಬಳಿಯ ಬೆಟ್ಟದ ಊರು ಜಾಗೊರಾ. ಬಲ್ಗೇರಿಯನ್ ಸೇರಿದ ಸ್ಲಾವ್ ಭಾಷೆಗಳಲ್ಲಿ ಅದಕ್ಕೆ ಬೆಟ್ಟದಾಚೆ ಎಂದರ್ಥ. ಬಲ್ಗೇರಿಯಾದ ಸ್ತಾರಾ ಜಾಗೊರಾದಲ್ಲಿ ಇರುವುದೂ ಅದೇ ಪದ. ಆರು ಏಳನೆಯ ಶತಮಾನಗಳಲ್ಲಿ ಸ್ಲಾವರು ಗ್ರೀಸಿನ ದಕ್ಷಿಣದ ಪೆಲೊಪೊನ್ನೀಸ್ ತನಕ ಇಳಿದು ನೆಲೆಸಿದ್ದರ ಗುರುತು ಇದು. ಹೆಸರುಗಳ ಜಾಡು ಹಿಡಿದು ಹೋದರೆ ಯಾರು ಮೂಲದವರು, ಯಾರು ಬಂದವರು ಎಂಬ ಜಗಳಕ್ಕೆ ಇಬ್ಬರ ಕೈಯಲ್ಲೂ ಕಲ್ಲುಗಳಿವೆ.

ನಾನು ಹೋದದ್ದು 2025ರ ಮೇ ತಿಂಗಳ ಕೊನೆಗೆ. ಅದೇ ವರ್ಷದ ಜನವರಿಯಲ್ಲಿ ಬಲ್ಗೇರಿಯಾ ಷೆಂಗೆನ್ ಒಕ್ಕೂಟಕ್ಕೆ ಪೂರ್ತಿಯಾಗಿ ಸೇರಿದ್ದರಿಂದ ಗಡಿಯಲ್ಲಿ ಪಾಸ್‌ಪೋರ್ಟ್ ಕೇಳುವವರಿರಲಿಲ್ಲ. ಬಸ್ ಸ್ವಲ್ಪ ನಿಧಾನಿಸಿತು, ಅಷ್ಟೆ. ಪಕ್ಕದ ಸೀಟಿನವರು ಕಣ್ಣು ಕೂಡ ತೆರೆಯಲಿಲ್ಲ. ನನಗೆ ಮಾತ್ರ ನಿದ್ದೆ ಬರಲಿಲ್ಲ. ಕಿಟಕಿಯ ಎಡಕ್ಕೆ ಕಾಣುತ್ತಿದ್ದ ಬೆಲಾಸಿತ್ಸಾ ಬೆಟ್ಟಸಾಲಿನ ಬುಡದಲ್ಲೇ 1014ರಲ್ಲಿ ಗ್ರೀಕ್ ಮಾತಿನ ಬೈಜಾಂಟಿಯಮ್ ಸಾಮ್ರಾಜ್ಯದ ಸಾಮ್ರಾಟ ಎರಡನೆಯ ಬೆಸಿಲ್ ಬಲ್ಗೇರಿಯಾದ ಸಮುವಿಲ್‌ನ ಸೈನ್ಯವನ್ನು ಮುರಿದದ್ದು. ಸೆರೆ ಸಿಕ್ಕ ಸಾವಿರಾರು ಸೈನಿಕರ ಕಣ್ಣು ಕೀಳಿಸಿ, ನೂರಕ್ಕೊಬ್ಬನಿಗೆ ಒಂದು ಕಣ್ಣು ಉಳಿಸಿ, ದಾರಿ ತೋರಿಸಿಕೊಂಡು ಹೋಗಲಿ ಎಂದು ಅವರ ದೊರೆಯ ಬಳಿಗೆ ಕಳಿಸಿದ ಎನ್ನುತ್ತವೆ ಹಳೆಯ ದಾಖಲೆಗಳು. ಆ ಸಾಲನ್ನು ಕಂಡ ಸಮುವಿಲ್ ಕುಸಿದು ಬಿದ್ದು ಸತ್ತನಂತೆ. ಬೆಸಿಲ್‌ಗೆ ಇತಿಹಾಸದಲ್ಲಿ ನಿಂತ ಬಿರುದು ‘ಬಲ್ಗರ್‌ಹಂತಕ’. ಅಥೆನ್ಸಿನಲ್ಲಿ ಆ ಬಿರುದಿನ ಹೆಸರಿನದೇ ಒಂದು ಬೀದಿಯಿದೆ, ಸೋಫಿಯಾದಲ್ಲಿ ಸಮುವಿಲ್ ಹೆಸರಿನ ಬೀದಿಯಿದೆ. ಎರಡೂ ಕಡೆ ಜನ ತರಕಾರಿ ಚೀಲ ಹಿಡಿದು ಓಡಾಡುತ್ತಾರೆ.

ಅದೇ ಬೆಟ್ಟದ ಬುಡದ ಪೆತ್ರಿಚ್ ಸೀಮೆಯಲ್ಲೇ 1925ರ ಅಕ್ಟೋಬರಿನಲ್ಲಿ ಇನ್ನೊಂದು ಕಾಳಗವಾಯಿತು. ಗ್ರೀಕ್ ಸೈನಿಕನೊಬ್ಬ ತಪ್ಪಿಸಿಕೊಂಡ ತನ್ನ ನಾಯಿಯ ಹಿಂದೆ ಓಡಿ ಗಡಿ ದಾಟಿದ, ಬಲ್ಗೇರಿಯಾದ ಕಾವಲುಗಾರರು ಗುಂಡು ಹಾರಿಸಿದರು ಎನ್ನುವುದು ಜನಪ್ರಿಯ ಕತೆ. ಅದಕ್ಕೇ ಅದನ್ನು ಬೀದಿನಾಯಿಯ ಯುದ್ಧ ಎಂದು ಕರೆಯುತ್ತಾರೆ. ಗ್ರೀಕ್ ಸೈನ್ಯ ಒಳನುಗ್ಗಿತು, ಹತ್ತೇ ದಿನದಲ್ಲಿ, ವಿಶ್ವಸಂಸ್ಥೆಗೂ ಮೊದಲಿದ್ದ ರಾಷ್ಟ್ರಸಂಘ ಮಧ್ಯೆ ಬಂದು ನಿಲ್ಲಿಸಿತು, ಗ್ರೀಸ್ 45,000 ಪೌಂಡ್ ದಂಡ ತೆರಬೇಕಾಯಿತು. ಆ ಸಂಘ ನೆಟ್ಟಗೆ ಮಾಡಿದ ಕೆಲವೇ ಕೆಲಸಗಳಲ್ಲಿ ಇದೂ ಒಂದು. ನಾಯಿ ಏನಾಯಿತೋ ಯಾರೂ ಬರೆದಿಟ್ಟಂತಿಲ್ಲ.

ಇಷ್ಟು ಹೊಡೆದಾಡಿಕೊಂಡವರು ಮಾತಾಡುವ ರೀತಿ ಮಾತ್ರ ಒಂದೇ ಅಚ್ಚಿನದು. ಭಾಷೆಗಳ ಕುಲ ಬೇರೆ. ಬಲ್ಗೇರಿಯನ್ ಸ್ಲಾವ್ ಕುಲದ್ದು, ರಷ್ಯನ್ನಿಗೆ ಬಂಧು. ಗ್ರೀಕ್ ತನ್ನ ಕವಲಿನಲ್ಲಿ ತಾನೊಂದೇ. ಆದರೆ ಸಾವಿರ ವರ್ಷ ಅಕ್ಕಪಕ್ಕ ಸಂತೆ ಮಾಡಿದವರ ವ್ಯಾಕರಣ ಒಂದರೊಳಗೊಂದು ಕರಗಿದೆ. ‘ಬರೆಯಲು’, ‘ಹೋಗಲು’ ಎಂಬಂಥ ರೂಪ ಎರಡೂ ಭಾಷೆಗಳಲ್ಲಿ ಹಿಂದೆ ಇತ್ತು, ಎರಡರಲ್ಲೂ ಸತ್ತಿತು. ಈಗ ಇಬ್ಬರೂ ಹೇಳುವುದು ‘ಬಯಸುತ್ತೇನೆ, ಬರೆಯುತ್ತೇನೆ ಎಂದು’ ಎಂಬ ಧಾಟಿಯಲ್ಲಿ. ನಾಳೆಯ ಮಾತು ಹೇಳಲು ಇಬ್ಬರೂ ಆರಿಸಿಕೊಂಡದ್ದು ಬಯಸು ಎಂಬ ಕ್ರಿಯಾಪದವನ್ನೇ. ಸವೆದು ಸವೆದು ಅದು ಗ್ರೀಕಿನಲ್ಲಿ ‘ಥಾ’ ಆಗಿದೆ, ಬಲ್ಗೇರಿಯನ್ನಿನಲ್ಲಿ ‘ಶ್ತೆ’ ಆಗಿದೆ. ಬಾ ಎಂದು ಕರೆಯಲು ಎರಡೂ ಕಡೆ ‘ಎಲಾ’. ಬಲ್ಗೇರಿಯನ್ನಿನಲ್ಲಿ ಸಾವಿರ ಎನ್ನಲು ಬಳಸುವ ‘ಹಿಲ್ಯಾದಾ’ ಗ್ರೀಕಿನಿಂದ ಬಂದದ್ದು, ಅಗ್ಗ ಎನ್ನುವ ‘ಎವ್ತಿನ್’ ಕೂಡ. ಲೆಕ್ಕ ಮತ್ತು ಚೌಕಾಸಿ ಎರಡನ್ನೂ ಯಾರ ಅಂಗಡಿಯಲ್ಲಿ ಕಲಿತರೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಒಂದು ಸಣ್ಣ ವಾಕ್ಯ. ದೂರವಿರುವವರಿಗೆ ನಿನ್ನ ನೆನಪಾಗುತ್ತಿದೆ ಎಂದು ಹೇಳಬೇಕಾದರೆ ಗ್ರೀಕರು ‘ಮು ಲೀಪಿಸ್’ ಎನ್ನುತ್ತಾರೆ, ಬಲ್ಗೇರಿಯನ್ನರು ‘ಲಿಪ್ಸ್‌ವಾಷ್ ಮಿ’ ಎನ್ನುತ್ತಾರೆ. ಗ್ರೀಕರ ‘ಲೀಪೊ’ ಎಂಬ ಕ್ರಿಯಾಪದವನ್ನೇ ಬಲ್ಗೇರಿಯನ್ನರು ಎತ್ತಿಕೊಂಡಿದ್ದಾರೆ. ಅದಕ್ಕೆ ಕಡಿಮೆಯಾಗು, ಕೊರತೆಯಾಗು ಎಂದರ್ಥ. ‘ನೀನು ನನಗೆ ಕೊರತೆಯಾಗಿದ್ದೀಯ’ ಎನ್ನುವುದು ಇಬ್ಬರ ಮಾತಿನ ತಿರುಳು. ಬೇರೆಯವರಿಂದ ಸಂತೆಯ ಪದ ತರುವುದು ಸಾಮಾನ್ಯ. ಅಗಲಿಕೆಯ ಪದವನ್ನು ತರಬೇಕಾದರೆ ಮನೆಯೊಳಗೆ ಹೋಗಿ ಬಂದಿರಬೇಕು.

ಹೀಗೆ ಕುಲ ಬೇರೆಯಾದರೂ ನೆರೆಹೊರೆಯಿಂದ ಒಂದಾದ ಭಾಷೆಗಳ ವಿಚಾರ ಮೊದಲು ಬಲವಾಗಿ ಬೆಳೆದದ್ದು ಗ್ರೀಸ್, ಬಲ್ಗೇರಿಯಾ ಸೇರಿದ ಈ ಬಾಲ್ಕನ್ ಸೀಮೆಯ ಭಾಷೆಗಳನ್ನು ನೋಡಿಯೇ. ನಮ್ಮ ಕೊಡಗಿನಲ್ಲೂ ನೀಲಗಿರಿಯಲ್ಲೂ 1930ರ ದಶಕದಲ್ಲಿ ಕೆಲಸ ಮಾಡಿದ ಭಾಷಾವಿಜ್ಞಾನಿ ಎಂ.ಬಿ. ಎಮಿನೊ 1956ರಲ್ಲಿ ಇಡೀ ಭಾರತವೇ ಅಂಥ ಒಂದು ಭಾಷಾವಲಯ ಎಂದು ವಾದಿಸಿದರು. ಕನ್ನಡ, ಮರಾಠಿ, ಉರ್ದು ಒಂದರ ವಾಕ್ಯಕ್ಕೆ ಇನ್ನೊಂದು ಹೊಂದಿಕೊಂಡ ಕುಪವಾಡ ಗ್ರಾಮದ ಅಧ್ಯಯನ 1971ರಲ್ಲಿ ಬಂತು. ಬಾಲ್ಕನ್ನಿನ ಮಾತು ಬಂದಾಗಲೆಲ್ಲ ವಿದ್ವಾಂಸರು ನಮ್ಮ ಗಡಿಯ ಆ ಹಳ್ಳಿಯನ್ನೂ ನೆನೆಯುತ್ತಾರೆ ಎಂಬುದು ನನಗೆ ಸ್ವಲ್ಪ ಹೆಮ್ಮೆಯ ವಿಷಯ.

ಲಿಪಿಯ ಜಗಳ ಬೇರೆಯೇ ಇದೆ. ಗ್ರೀಕ್ ಅಕ್ಷರ ಕಲಿತು ಬಂದವರಿಗೆ ಸೋಫಿಯಾದ ಬೋರ್ಡುಗಳು ಅರ್ಧ ತಾವಾಗಿಯೇ ಓದಿಸಿಕೊಳ್ಳುತ್ತವೆ, ಬಳ್ಳಾರಿಯವರಿಗೆ ತೆಲುಗು ಬೋರ್ಡಿನ ಹಾಗೆ. ಒಂಬತ್ತನೆಯ ಶತಮಾನದಲ್ಲಿ ಸ್ಲಾವರಿಗಾಗಿ ಮೊದಲ ಲಿಪಿ ಮಾಡಿದ ಸಿರಿಲ್ ಮತ್ತು ಮೆಥೋಡಿಯಸ್ ಅಣ್ಣತಮ್ಮಂದಿರು ಥೆಸಲೋನಿಕಿಯವರು. ಅವರ ಶಿಷ್ಯರಿಗೆ ಆಸರೆ ಕೊಟ್ಟದ್ದು ಬಲ್ಗೇರಿಯಾ. ಈಗ ನಾವು ಸಿರಿಲಿಕ್ ಎನ್ನುವ ಲಿಪಿ, ಗ್ರೀಕ್ ಅಕ್ಷರಗಳಿಗೆ ಸ್ಲಾವ್ ಧ್ವನಿಗಳಿಗೆ ಬೇಕಾದ ಕೆಲವನ್ನು ಸೇರಿಸಿ ರೂಪುಗೊಂಡದ್ದು ಬಲ್ಗೇರಿಯಾದಲ್ಲಿ. ಅಣ್ಣತಮ್ಮಂದಿರು ಗ್ರೀಕರೋ ಸ್ಲಾವರೋ ಎಂದು ಇಂದಿಗೂ ಊಟದ ಮೇಜಿನಲ್ಲಿ ದನಿ ಏರುತ್ತದೆ. ಮೆಥೋಡಿಯಸನ ಹಳೆಯ ಚರಿತ್ರೆಯಲ್ಲಿ ಬೈಜಾಂಟಿಯಮ್ ಸಾಮ್ರಾಟ ಮೂರನೆಯ ಮೈಕೆಲ್ ಅವರನ್ನು ಸ್ಲಾವರ ನಾಡಿಗೆ ಕಳಿಸುವಾಗ, ನೀವಿಬ್ಬರೂ ಥೆಸಲೋನಿಕಿಯವರು, ಆ ಊರಿನವರೆಲ್ಲ ಶುದ್ಧ ಸ್ಲಾವ್ ಮಾತಾಡುತ್ತಾರಲ್ಲ ಎಂದನಂತೆ. ಕೇಳಬೇಕಾದ ಪ್ರಶ್ನೆಗೆ ಸಾಮ್ರಾಟ ಆಗಲೇ ಉತ್ತರ ಕೊಟ್ಟಿದ್ದಾನೆ ಎನ್ನುವುದು ನನ್ನ ಎಣಿಕೆ. ಆ ಊರಿನ ಮಕ್ಕಳಿಗೆ ಎರಡೂ ಬರುತ್ತಿತ್ತು.

ಎರಡೂ ಬರುವವರಿಗೆ ಒಂದನ್ನು ಆರಿಸಿಕೊ ಎಂದು ಯಾವಾಗ ಹೇಳಲಾಯಿತು ಎನ್ನುವುದೇ ಇಲ್ಲಿನ ನಿಜವಾದ ಕತೆ. ಒಟ್ಟೊಮನ್ ತುರ್ಕರ ಆಳ್ವಿಕೆಯಲ್ಲಿ ಆರ್ಥೊಡಾಕ್ಸ್ ಕ್ರೈಸ್ತರೆಲ್ಲ ‘ರೂಮ್’ ಎಂಬ ಒಂದೇ ಲೆಕ್ಕದಲ್ಲಿದ್ದರು. ಇಗರ್ಜಿಯ ಭಾಷೆ, ಒಳ್ಳೆಯ ಶಾಲೆಯ ಭಾಷೆ, ವ್ಯಾಪಾರದ ಭಾಷೆ ಗ್ರೀಕ್. ಪ್ಲೊವ್ದಿವ್‌ನಲ್ಲಿ ಒರಟು ಉಣ್ಣೆಬಟ್ಟೆ ನೇಯಿಸಿ ಮಾರುತ್ತಿದ್ದ ವರ್ತಕರ ಸಂಘ ತನ್ನ ದಫ್ತರವನ್ನು ಗ್ರೀಕಿನಲ್ಲೇ ಇಡುತ್ತಿತ್ತು. ಹಳ್ಳಿಯಿಂದ ಬಂದು ನಾಲ್ಕು ಕಾಸು ಮಾಡಿಕೊಂಡ ಬಲ್ಗೇರಿಯನ್ ಮನೆಯಲ್ಲೂ ಗ್ರೀಕ್ ಮಾತಾಡತೊಡಗುತ್ತಿದ್ದ. ಅಂಥವರಿಗೆ ಊರವರು ಗುಡಿಲಾ ಎಂದು ಅಡ್ಡಹೆಸರಿಟ್ಟಿದ್ದರು. ಗ್ರೀಕನಾಗುವುದು ಎಂದರೆ ಬಹುಪಾಲು ಪೇಟೆಯವನಾಗುವುದು, ಓದಿದವನಾಗುವುದು.

ಇದು ಕೆಲವರನ್ನು ಕೆರಳಿಸಿತು. ಪೈಸಿ ಎಂಬ ಸನ್ಯಾಸಿ ಗ್ರೀಸಿನ ಅಥೋಸ್ ಪರ್ವತದ ಮಠಗಳಲ್ಲಿ ಕುಳಿತು 1762ರಲ್ಲಿ ಬಲ್ಗೇರಿಯನ್ನರ ಇತಿಹಾಸವೊಂದನ್ನು ಬರೆದು ಮುಗಿಸಿದ. ತಮ್ಮನ್ನು ಬಲ್ಗೇರಿಯನ್ ಎಂದುಕೊಳ್ಳಲು ನಾಚುವವರನ್ನು ಅದರಲ್ಲಿ ಮುಖಕ್ಕೆ ಹೊಡೆದಂತೆ ಬೈದಿದ್ದಾನೆ. ಕೈಪ್ರತಿಯಾಗಿಯೇ ಊರಿಂದೂರಿಗೆ ಹೋಯಿತು. ಬಲ್ಗೇರಿಯಾದ ಶಾಲಾ ಮಕ್ಕಳಿಗೆಲ್ಲ ಅವನ ಹೆಸರು ಗೊತ್ತು. ಗ್ರೀಕರ ಮೇಲಿನ ಸಿಟ್ಟಿನ ಆ ಪುಸ್ತಕ ಹುಟ್ಟಿದ್ದು ಗ್ರೀಕ್ ಸನ್ಯಾಸಿಗಳ ನೆರೆಯಲ್ಲೇ.

ಪೈಸಿಗಿಂತ ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದವನು ಗ್ರಿಗೋರ್ ಪರ್ಲಿಚೆವ್. ಓಹ್ರಿದ್ ಊರಿನವನು. ಗ್ರೀಕ್ ಶಾಲೆಯಲ್ಲಿ ಓದಿ, ಅಥೆನ್ಸಿಗೆ ಹೋಗಿ, 1860ರಲ್ಲಿ ಅಲ್ಲಿನ ಕಾವ್ಯಸ್ಪರ್ಧೆಗೆ ಗ್ರಿಗೋರಿಯೊಸ್ ಸ್ತಾವ್ರಿದಿಸ್ ಎಂಬ ಗ್ರೀಕ್ ಹೆಸರಿನಲ್ಲಿ ಒಂದು ಕಥನಕಾವ್ಯ ಕಳಿಸಿದ, ಬಹುಮಾನ ಗೆದ್ದ. ಹೋಮರನ ಮಟ್ಟಕ್ಕೆ ಹೋಲಿಸಿ ಹೊಗಳಿದರು. ಕೆಲವೇ ವರ್ಷಗಳಲ್ಲಿ ಅವನು ಎಲ್ಲವನ್ನೂ ಬಿಟ್ಟು ಊರಿಗೆ ಬಂದು, ಗ್ರೀಕ್ ಪಾದ್ರಿಗಳ ವಿರುದ್ಧ ಬಲ್ಗೇರಿಯನ್ ಚಳವಳಿಗೆ ಧುಮುಕಿದ. ಆಮೇಲೆ ಇಲಿಯಡ್ ಅನ್ನು ಬಲ್ಗೇರಿಯನ್ನಿಗೆ ತರಲು ಹೊರಟ. ಅಲ್ಲೇ ಎಡವಟ್ಟಾದದ್ದು. ಅವನ ಬಲ್ಗೇರಿಯನ್ ಮನೆಮಾತಿನದು, ಪುಸ್ತಕದ್ದಲ್ಲ. ವಿಮರ್ಶಕರು ಹಿಗ್ಗಾಮುಗ್ಗಾ ಜಾಡಿಸಿದರು. ಗ್ರೀಕಿನಲ್ಲಿ ಹಂಸದಂತೆ ಹಾಡಿದ ನನಗೆ ಸ್ಲಾವಿನಲ್ಲಿ ಗೂಬೆಯಂತೆ ಹಾಡಲೂ ಬರುತ್ತಿಲ್ಲ ಎಂದು ಆತ್ಮಕತೆಯಲ್ಲಿ ನೊಂದುಕೊಂಡಿದ್ದಾನೆ. ಹೃದಯ ಒಂದು ಭಾಷೆಯನ್ನು ಆರಿಸಿತು, ಕೈ ಇನ್ನೊಂದರಲ್ಲೇ ಪಳಗಿತ್ತು. ಓಹ್ರಿದ್ ಈಗ ಉತ್ತರ ಮ್ಯಾಸಿಡೋನಿಯಾದಲ್ಲಿದೆ. ಅಲ್ಲಿಯವರು ಅವನು ತಮ್ಮವನು ಎನ್ನುತ್ತಾರೆ. ಪಾಪ, ಸತ್ತ ಮೇಲೂ ಅವನಿಗೆ ಬಿಡುವಿಲ್ಲ.

1870ರಲ್ಲಿ ಸುಲ್ತಾನ ಬಲ್ಗೇರಿಯನ್ನರಿಗೆ ಪ್ರತ್ಯೇಕ ಚರ್ಚ್‌ಗೆ ಫರ್ಮಾನು ಕೊಟ್ಟ. 1872ರಲ್ಲಿ ಇಸ್ತಾಂಬುಲ್ಲಿನ ಗ್ರೀಕ್ ಪೀಠ ಅದನ್ನು ಧರ್ಮಭ್ರಷ್ಟ ಎಂದು ಸಾರಿತು. ಆ ಒಡಕು ಮುಚ್ಚಿದ್ದು 1945ರಲ್ಲಿ. ನಡುವಿನ ಎಪ್ಪತ್ತು ವರ್ಷದಲ್ಲಿ ಹಳ್ಳಿ ಹಳ್ಳಿಯಲ್ಲೂ ಯಾವ ಪಾದ್ರಿಯ ಪೂಜೆಗೆ ಹೋಗುತ್ತೀರಿ ಎನ್ನುವುದೇ ನೀವು ಯಾರು ಎಂಬ ಪ್ರಶ್ನೆಗೆ ಉತ್ತರವಾಯಿತು, ಕೆಲವೊಮ್ಮೆ ಪ್ರಾಣದ ಪ್ರಶ್ನೆಯೂ ಆಯಿತು. 1906ರಲ್ಲಿ ಕಪ್ಪು ಸಮುದ್ರದ ಆಂಖಿಯಾಲೊ ಎಂಬ ಗ್ರೀಕ್ ಪಟ್ಟಣ ಗಲಭೆಯಲ್ಲಿ ಸುಟ್ಟುಹೋಯಿತು. ಅಲ್ಲಿಂದ ಹೋದವರು ಗ್ರೀಸಿನ ವೋಲೋಸ್ ಬಳಿ ಹೊಸ ಆಂಖಿಯಾಲೊ ಕಟ್ಟಿಕೊಂಡರು. 1912ರಲ್ಲಿ ಇಬ್ಬರೂ ಸೇರಿ ತುರ್ಕರನ್ನು ಸೋಲಿಸಿದರು, 1913ರಲ್ಲಿ ಗೆದ್ದ ನೆಲಕ್ಕಾಗಿ ಒಬ್ಬರನ್ನೊಬ್ಬರು ಕೊಂದರು. ಕುಕುಷ್ ಎಂಬ ಬಲ್ಗೇರಿಯನ್ನರ ಊರು ಬರಿದಾಗಿ ಗ್ರೀಕರ ಕಿಲ್ಕಿಸ್ ಆಯಿತು. ಮೊದಲ ಮಹಾಯುದ್ಧದ ನಂತರ, 1919ರ ನೊಯ್ಯಿ ಒಪ್ಪಂದದ ಜೊತೆ ‘ಸ್ವಇಚ್ಛೆಯ’ ಜನವಿನಿಮಯ ಬಂತು. ಹತ್ತಾರು ಸಾವಿರ ಜನ ಎರಡೂ ದಿಕ್ಕಿಗೆ ಗಂಟುಮೂಟೆ ಕಟ್ಟಿದರು. ಆ ಇಚ್ಛೆಯಲ್ಲಿ ಸ್ವಂತದ್ದೆಷ್ಟಿತ್ತೋ ಹೊತ್ತವರಿಗೇ ಗೊತ್ತು. 1941ರಿಂದ 1944ರವರೆಗೆ ಉತ್ತರ ಗ್ರೀಸಿನ ಪೂರ್ವಭಾಗ ಬಲ್ಗೇರಿಯಾದ ವಶದಲ್ಲಿತ್ತು. ದ್ರಾಮಾ ಸೀಮೆಯ ಬಂಡಾಯವನ್ನು ಹತ್ತಿಕ್ಕುವಾಗ ಸಾವಿರಾರು ಜನ ಸತ್ತರು. ಥೆಸಲೋನಿಕಿಯಲ್ಲಿ ನನಗೆ ಮನೆ ಬಾಡಿಗೆಗೆ ಕೊಟ್ಟಿದ್ದ ವಯಸ್ಸಾದವರು ದ್ರಾಮಾ ಕಡೆಯವರು. ಸೋಫಿಯಾಕ್ಕೆ ಹೋಗುತ್ತೇನೆ ಎಂದಾಗ ಅವರು ಏನೂ ಹೇಳಲಿಲ್ಲ, ಒಂದು ಪೊಟ್ಟಣದಲ್ಲಿ ಆಲಿವ್ ಕಟ್ಟಿಕೊಟ್ಟರು.

ನಾನು ಮುಖ್ಯವಾಗಿ ಹೇಳಬೇಕೆಂದಿದ್ದದ್ದು ಬೆಂಕಿಯ ವಿಷಯ. ಮೇ 21ರಂದು, ಸಂತ ಕಾನ್‌ಸ್ಟಂಟೈನ್ ಮತ್ತು ಹೆಲೆನಾ ಹಬ್ಬದ ದಿನ, ಥೆಸಲೋನಿಕಿಯ ಹತ್ತಿರದ ಲಂಗಾದಾಸ್‌ಗೆ ಹೋಗಿದ್ದೆ. ಅಲ್ಲಿ ‘ಅನಸ್ತೆನಾರಿಯಾ’ ನಡೆಯುತ್ತದೆ. ಊರಿನ ಒಂದು ಮನೆಯಲ್ಲಿ, ಅದಕ್ಕೆ ಕೊನಾಕಿ ಎನ್ನುತ್ತಾರೆ, ಸಂತರ ಪಟಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಪ್ರತಿ ಪಟಕ್ಕೂ ಕೆಳಗೊಂದು ಹಿಡಿ, ಮೇಲೆ ಕೆಂಪು ಬಟ್ಟೆಯ ಅಂಗಿ, ಅದಕ್ಕೆ ಸಣ್ಣ ಗೆಜ್ಜೆಗಳು. ಮಗುವನ್ನು ಎತ್ತಿಕೊಂಡಂತೆ ಅದನ್ನು ಎತ್ತಿಕೊಂಡು ಕುಣಿಯುತ್ತಾರೆ. ಮಂಡ್ಯ ಸೀಮೆಯ ಹಬ್ಬಗಳಲ್ಲಿ ಕೊಂಡ ಹಾಯುವುದನ್ನು ನೋಡಿ ಬೆಳೆದ ನನಗೆ ಕೆಂಡದ ರಾಶಿ ಹೊಸದಲ್ಲ. ಹೊಸದೆನಿಸಿದ್ದು ಆತುರವಿಲ್ಲದಿರುವುದು. ನಮ್ಮವರು ಈ ತುದಿಯಿಂದ ಆ ತುದಿಗೆ ದಾಟುತ್ತಾರೆ. ಇವರು ಹೋಗುತ್ತಾರೆ, ಬರುತ್ತಾರೆ, ಕೆಂಡ ಬೂದಿಯಾಗುವ ತನಕ ತುಳಿಯುತ್ತಲೇ ಇರುತ್ತಾರೆ. ಕತ್ತಲಾದ ಮೇಲೆ, ಬೂದು ಬಣ್ಣದ ಸ್ವೆಟರ್ ಹಾಕಿದ್ದ ಅಜ್ಜಿಯೊಬ್ಬರು ಕನ್ನಡಕ ತೆಗೆದು ಪಕ್ಕದಲ್ಲಿದ್ದ ಹೆಂಗಸಿನ ಕೈಗೆ ಕೊಟ್ಟು, ಬರಿಗಾಲಿನಲ್ಲಿ ಒಳಗೆ ಇಳಿದರು. ತಮಟೆಗಿಂತ ದಪ್ಪ ಸದ್ದಿನ ಒಂದು ಡೋಲು, ಪುಟ್ಟ ಮೂರು ತಂತಿಯ ಲೀರಾ. ಅಜ್ಜಿ ಆಗಾಗ ದೊಡ್ಡದಾಗಿ ನಿಟ್ಟುಸಿರು ಬಿಡುತ್ತಿದ್ದರು. ಆಚರಣೆಯ ಹೆಸರೇ ನಿಟ್ಟುಸಿರಿಗೆ ಸಂಬಂಧಿಸಿದ್ದು ಎನ್ನುತ್ತಾರೆ.

ಈ ಜನ ಲಂಗಾದಾಸ್‌ನವರಲ್ಲ. ಇವರ ಹಿರಿಯರು ಕಪ್ಪು ಸಮುದ್ರದ ಬಳಿಯ ಸ್ತ್ರಾಂಜಾ ಬೆಟ್ಟಗಳಲ್ಲಿದ್ದ ಕೊಸ್ತಿ ಎಂಬ ಊರಿನ ಕಡೆಯವರು. ಅಲ್ಲಿ ಒಮ್ಮೆ ಇಗರ್ಜಿಗೆ ಬೆಂಕಿ ಬಿದ್ದಾಗ ಒಳಗಿನಿಂದ ಪಟಗಳು ನರಳುವ ಸದ್ದು ಕೇಳಿತಂತೆ, ಊರವರು ನುಗ್ಗಿ ಎತ್ತಿಕೊಂಡು ಬಂದರಂತೆ, ಯಾರಿಗೂ ಒಂದು ಬೊಬ್ಬೆಯೂ ಏಳಲಿಲ್ಲವಂತೆ. ಕೊಸ್ತಿ ಈಗ ಬಲ್ಗೇರಿಯಾದಲ್ಲಿದೆ. 1912–13ರ ಬಾಲ್ಕನ್ ಯುದ್ಧಗಳ ನಂತರ ಕೊಸ್ತಿಯ ಗ್ರೀಕರು ಹೊರಡಬೇಕಾಗಿ ಬಂದಾಗ ಪಟಗಳನ್ನು ಹೊತ್ತು ಬಂದರು. ಅವರು ಬಿಟ್ಟ ಮನೆಗಳಲ್ಲಿ ಈಗ ತುರ್ಕಿಯಲ್ಲಿರುವ ಪೂರ್ವ ಥ್ರೇಸಿನಿಂದ ಓಡಿಬಂದ ಬಲ್ಗೇರಿಯನ್ನರು ನೆಲೆಸಿದರು. ಕೊಸ್ತಿಗೆ ಸಮೀಪದ ಬಲ್ಗಾರಿ ಎಂಬ ಬಲ್ಗೇರಿಯನ್ ಹಳ್ಳಿಯಲ್ಲೂ ಇದೇ ಸಂತರ ಹೆಸರಿನಲ್ಲಿ, ಇಂಥದೇ ಕೆಂಪು ಅಂಗಿಯ ಪಟಗಳನ್ನು ಎತ್ತಿಕೊಂಡು, ಚರ್ಮದ ಚೀಲದ ಗಾಯ್ದಾ ಊದುತ್ತಾ ಕೊಂಡ ತುಳಿಯುತ್ತಾರೆ. ಅಲ್ಲಿ ಅದಕ್ಕೆ ನೆಸ್ತಿನಾರ್ಸ್ತ್ವೊ ಎನ್ನುತ್ತಾರೆ. ಹಳೆಯ ಪಂಚಾಂಗ ಹಿಡಿದಿರುವುದರಿಂದ ಜೂನ್ 3ರಂದು. ತೀರ್ಥದ ಬುಗ್ಗೆಗೆ ಗ್ರೀಕರದು ಆಯಾಸ್ಮಾ, ಅವರದು ಆಯಾಜ್ಮೊ. 2009ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಬಲ್ಗಾರಿಯ ಆಚರಣೆ. ಗ್ರೀಸಿನ ಚರ್ಚ್ ಅನಸ್ತೆನಾರಿಯಾವನ್ನು ಒಪ್ಪುವುದಿಲ್ಲ. ಇದು ಹಳೆಯ ಗ್ರೀಕರ ಮದ್ಯದೇವತೆ ಡಯೊನಿಸಸ್‌ನ ಕುಣಿತದ ಉಳಿಕೆ ಎಂದು ಗ್ರೀಕ್ ವಿದ್ವಾಂಸರು ವಾದಿಸಿದರು, ಬಲ್ಗೇರಿಯಾದ ನೆಲದಲ್ಲಿ ಮೊದಲಿದ್ದ ಪುರಾತನ ಥ್ರೇಸಿಯನ್ನರದು ಎಂದು ಬಲ್ಗೇರಿಯನ್ ವಿದ್ವಾಂಸರು ವಾದಿಸಿದರು. ಎರಡು ಸಾವಿರ ವರ್ಷ ಹಿಂದಕ್ಕೆ ಜಿಗಿಯುವ ಭರದಲ್ಲಿ, ನೂರು ವರ್ಷದ ಹಿಂದೆ ಅಕ್ಕಪಕ್ಕದ ಹಳ್ಳಿಗಳವರು ಒಂದೇ ಸಂತನಿಗೆ ಹರಕೆ ಹೊರುತ್ತಿದ್ದರು ಎಂಬ ಸರಳ ಸಂಗತಿ ಇಬ್ಬರಿಗೂ ಸಪ್ಪೆ ಎನಿಸಿರಬೇಕು. ನನಗೆ ಅದೇ ಸಾಕು. ರಕ್ತದ ನಂಟಿನ ಮಾತು ಬಂದಾಗಲೆಲ್ಲ ನನಗೆ ಆ ಅಜ್ಜಿಯ ಪಾದ ನೆನಪಾಗುತ್ತದೆ. ಅವರ ಕಾಲಿಗೆ ಗೊತ್ತಿರುವುದು ಇನ್ನೊಂದು ದೇಶದ ಒಂದು ಹಳ್ಳಿಯಲ್ಲಿರುವ ಕಾಲಿಗೂ ಗೊತ್ತಿದೆ.

ಬಲ್ಗೇರಿಯಾ 2026ರ ಜನವರಿ 1ರಿಂದ ಯೂರೊ ಬಳಸುತ್ತಿದೆ. ಥೆಸಲೋನಿಕಿಯಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ ಮೊನ್ನೆ ಒಂದು ನಾಣ್ಯದ ಚಿತ್ರ ಕಳಿಸಿ, ‘ಚಿಲ್ಲರೆಯಲ್ಲಿ ಬಂತು, ಯಾರಯ್ಯಾ ಈ ಗಡ್ಡದ ಸ್ವಾಮಿ?’ ಎಂದು ಕೇಳಿದ್ದ. ಎರಡು ಯೂರೊ ನಾಣ್ಯ. ಅದರ ಮೇಲಿದ್ದವನು ಪೈಸಿ. ಅಥೋಸ್, 1762, ಗ್ರೀಕರ ಮೇಲಿನ ಕೋಪ, ಎಲ್ಲ ಸೇರಿಸಿ ಉದ್ದಕ್ಕೆ ಬರೆದು ಕಳಿಸಿದೆ. ನಾಣ್ಯವನ್ನು ಎತ್ತಿಡು, ಬರುವಾಗ ತಂದುಕೊಡು ಎಂದೂ ಸೇರಿಸಿದೆ. ಅರ್ಧ ಗಂಟೆ ಬಿಟ್ಟು ಉತ್ತರ ಬಂತು. ಅಷ್ಟರಲ್ಲಿ ಅವನು ಬೀದಿಬದಿಯ ಗಾಡಿಯಲ್ಲಿ ಪೈಸಿಯನ್ನು ಕೊಟ್ಟು ಎಳ್ಳು ಹಚ್ಚಿದ ಕುಲೂರಿ ತಿಂದಾಗಿತ್ತು.